ನಾಲ್ಕು ಮನೆ, ಮೂರು ದೇಶ, ಒಂದು ಚೀಟಿ

ನಮ್ಮ ಸರ್ಜಾಪುರಕ್ಕೆ ರೈಲಿಲ್ಲ. ರೈಲು ಹತ್ತಬೇಕೆಂದರೆ ಕಾರ್ಮೆಲರಾಮಿಗೋ ಹೀಲಲಿಗೆಗೋ ಆನೇಕಲ್ ರಸ್ತೆ ನಿಲ್ದಾಣಕ್ಕೋ ಹೋಗಬೇಕು. ಹೆಬ್ಬಾಳದಿಂದ ಇಲ್ಲಿಯವರೆಗೆ ಮೆಟ್ರೋ ತರುವ ಯೋಜನೆಗೆ 2024ರ ಡಿಸೆಂಬರಿನಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿಗೆ ನೀಡಿದ ಸುದ್ದಿಯನ್ನು ಓದಿ ಸಂತೋಷಪಟ್ಟೆವು. ಅದು ಬರುವ ವೇಳೆಗೆ ನಮ್ಮ ಮೊಣಕಾಲುಗಳು ಯಾವ ಸ್ಥಿತಿಯಲ್ಲಿರುತ್ತವೆಯೋ ಶಿವನೇ ಬಲ್ಲ. ಈ ಕೊರತೆಯೇ ಕಾರಣವಿರಬೇಕು, ಬಾಲ್ಯದಿಂದಲೂ ನಮಗೆ ರೈಲೆಂದರೆ ತೀರದ ಹಂಬಲ. ಒಂದು ದೇಶದಲ್ಲಿ ಹತ್ತಿ ಇನ್ನೊಂದು ದೇಶದಲ್ಲಿ ಇಳಿಯಬೇಕು, ಕಿಟಕಿಯ ಪಕ್ಕದಲ್ಲಿ ಗಡಿ ಸರಿದುಹೋಗುವುದನ್ನು ಕಣ್ಣಾರೆ ಕಾಣಬೇಕೆಂಬುದು ನಾಲ್ಕು ಮನೆಗಳ ಗೆಳೆಯರ ಬಹುದಿನದ ಮಾತು.

ನಾಲ್ಕು ಮನೆಗಳೆಂದೆವು. ಒಂದೇ ಶಾಲೆಯಲ್ಲಿ ಓದಿ, ಒಂದೇ ಕೆರೆಯಲ್ಲಿ ಈಜು ಕಲಿತವರು. ಒಬ್ಬರು ದಿನಸಿ ಅಂಗಡಿಯವರು. ಒಬ್ಬರು ನಿವೃತ್ತ ಉಪಾಧ್ಯಾಯರು. ನಮ್ಮ ಪ್ರವಾಸದ ವೇಳಾಪಟ್ಟಿಯ ಕರ್ತೃ ಇವರೇ. ಒಬ್ಬರು ಹೆದ್ದಾರಿಯ ಅಂಚಿನ ಹೊಲವನ್ನು ವಸತಿ ಸಮುಚ್ಚಯಕ್ಕೆ ಮಾರಿ ಅನುಕೂಲಸ್ಥರಾದವರು. ನಾಲ್ಕನೆಯವರು ಬೊಮ್ಮಸಂದ್ರದ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಯಂತ್ರದ ಮುಂದೆ ನಿಂತು ದುಡಿದವರು. ಅವರಿಗೆ ಬರುವ ಭವಿಷ್ಯನಿಧಿಯ ಪಿಂಚಣಿ ತಿಂಗಳಿಗೆ ಮೂರು ಸಾವಿರ ದಾಟುವುದಿಲ್ಲ. ನಮ್ಮ ಭಾಗದಲ್ಲಿ ಕಳೆದ ಮೂವತ್ತು ವರ್ಷಗಳಲ್ಲಿ ಆದದ್ದು ಇಷ್ಟೇ: ಹೊಲ ಮಾರಿದವರು, ಮಾರದವರು, ಮಾರಲು ಹೊಲವೇ ಇಲ್ಲದವರು ಎಂದು ಒಂದೇ ಬೀದಿ ಮೂರು ಪಂಕ್ತಿಯಾಯಿತು. ಗೆಳೆತನ ಉಳಿದಿದೆ. ಆದರೆ ಒಟ್ಟಿಗೆ ಖರ್ಚು ಮಾಡುವ ಪ್ರಸಂಗ ಬಂದಾಗ ಎಲ್ಲರೂ ಒಂದು ಗಳಿಗೆ ಸುಮ್ಮನಾಗುತ್ತೇವೆ.

ಆದುದರಿಂದಲೇ ನಾವು ಚೀಟಿ ಕಟ್ಟಿದೆವು. ಒಂದೊಂದು ಮನೆಯಿಂದ ತಿಂಗಳಿಗೆ 5,000 ರೂಪಾಯಿ, 30 ತಿಂಗಳು. ಮನೆಗೆ ಒಂದೂವರೆ ಲಕ್ಷ, ನಾಲ್ಕು ಮನೆಗೆ ಆರು ಲಕ್ಷ. ಕಾರ್ಖಾನೆಯ ಗೆಳೆಯರ ಮನೆಯ ಪಾಲು ಅವರ ಪತ್ನಿಯ ಹೊಲಿಗೆ ಯಂತ್ರದಿಂದ ಬಂದದ್ದು. ಒಂದು ತಿಂಗಳೂ ತಪ್ಪಲಿಲ್ಲ.

ಹಣ ಕೂಡಿತು, ಎಲ್ಲಿಗೆ ಎಂಬ ಪ್ರಶ್ನೆ ಎದ್ದಿತು. ನಮ್ಮ ದೇಶದಿಂದಲೇ ರೈಲಿನಲ್ಲಿ ಗಡಿ ದಾಟುವ ದಾರಿಗಳನ್ನು ಉಪಾಧ್ಯಾಯರು ಮೊದಲು ಹುಡುಕಿದರು. ಒಂದು ಕಾಲದಲ್ಲಿ ಮದರಾಸಿನಿಂದ ಕೊಲಂಬೊಗೆ ಒಂದೇ ಟಿಕೆಟಿನಲ್ಲಿ ಹೋಗಬಹುದಿತ್ತು: ಧನುಷ್ಕೋಟಿಯವರೆಗೆ ಬೋಟ್ ಮೇಲ್ ರೈಲು, ಅಲ್ಲಿಂದ ತಲೈಮನ್ನಾರಿಗೆ ಹಡಗು, ಮತ್ತೆ ರೈಲು. 1964ರ ಡಿಸೆಂಬರಿನ ಚಂಡಮಾರುತ ಧನುಷ್ಕೋಟಿಯನ್ನೇ ಅಳಿಸಿಹಾಕಿತು. ಪಾಕಿಸ್ತಾನಕ್ಕೆ 1976ರಲ್ಲಿ ಆರಂಭವಾದ ಸಂಝೌತಾ ಎಕ್ಸ್‌ಪ್ರೆಸ್ 2019ರಲ್ಲಿ ನಿಂತಿತು. ಕೊಲ್ಕತ್ತ ಮತ್ತು ಢಾಕಾ ನಡುವೆ 2008ರಲ್ಲಿ ಓಡತೊಡಗಿದ ಮೈತ್ರಿ ಎಕ್ಸ್‌ಪ್ರೆಸ್ 2024ರ ಜುಲೈಯಲ್ಲಿ ಸ್ಥಗಿತವಾಯಿತು. ಬಿಹಾರದ ಜಯನಗರದಿಂದ ನೇಪಾಳದ ಜನಕಪುರದ ಕಡೆಗೆ 2022ರಲ್ಲಿ ಪುನರಾರಂಭವಾದ ಚಿಕ್ಕ ಮಾರ್ಗವೊಂದಿದೆ. ಹೀಗಾಗಿ ಹಲವು ದೇಶಗಳ ರೈಲು ಯಾತ್ರೆಗೆ ಕನ್ನಡ ನಾಡಿನವರು ಮೊದಲು ವಿಮಾನವನ್ನೇ ಹತ್ತಬೇಕು.

ಮೊದಲ ಮನಸ್ಸು ಯೂರೋಪಿನ ಕಡೆಗೇ ಹೋಯಿತು. ಲಂಡನ್ನಿನ ಥೇಮ್ಸ್ ನದಿಯ ದಂಡೆಯಲ್ಲಿ 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿಯವರು ಅನಾವರಣಗೊಳಿಸಿದ ಬಸವೇಶ್ವರರ ಪ್ರತಿಮೆಯ ಚಿತ್ರ ನಮ್ಮಲ್ಲಿ ಎರಡು ಮನೆಗಳ ಪಡಸಾಲೆಯಲ್ಲಿದೆ. ಅಲ್ಲಿ ಕೈಮುಗಿದು, ಕಡಲ ತಳದ ಸುರಂಗದಲ್ಲಿ ಪ್ಯಾರಿಸಿಗೆ ಹೋಗಿ, ಅಲ್ಲಿಂದ ಜರ್ಮನಿ, ಸ್ವಿಟ್ಜರ್‌ಲೆಂಡ್ ನೋಡುವ ಆಸೆ ಯಾರಿಗಿಲ್ಲ? ಯೂರೋಪಿನವರಲ್ಲದ ಪ್ರವಾಸಿಗಳಿಗಾಗಿ 1959ರಿಂದಲೂ ಯೂರೇಲ್ ಪಾಸು ಎಂಬ ಸೌಲಭ್ಯವಿದೆ. ಈಗ 33 ದೇಶಗಳಲ್ಲಿ ಅದು ನಡೆಯುತ್ತದೆ. ಅರವತ್ತು ದಾಟಿದವರಿಗೆ ನೂರಕ್ಕೆ ಹತ್ತು ರಿಯಾಯಿತಿಯೂ ಉಂಟು. ಪಾಸು ಕೊಂಡರೆ ಎಲ್ಲವೂ ಮುಗಿಯಿತೆಂದು ತಿಳಿಯಬಾರದು. ಅತಿವೇಗದ ರೈಲುಗಳಿಗೂ ರಾತ್ರಿಯ ಮಲಗುವ ಡಬ್ಬಿಗಳಿಗೂ ಕಾಯ್ದಿರಿಸುವ ಶುಲ್ಕ ಬೇರೆ. ಷೆಂಗೆನ್ ವೀಸಾಕ್ಕೆ 2024ರ ಜೂನಿನಿಂದ ವಯಸ್ಕರಿಗೆ 90 ಯೂರೋ. ಬ್ರಿಟನ್ನಿಗೆ ಪ್ರತ್ಯೇಕ ವೀಸಾ. 30,000 ಯೂರೋ ರಕ್ಷಣೆಯ ವಿಮೆ ಕಡ್ಡಾಯ. ಏಳು ದಿನದ ಪಾಸು, ವಿಮಾನ, ವೀಸಾ, ವಸತಿ, ಊಟ ಎಲ್ಲವನ್ನೂ ಉಪಾಧ್ಯಾಯರು ಹಾಳೆಯ ಮೇಲೆ ಕೂಡಿದಾಗ ತಲೆಗೆ ಎರಡೂಕಾಲು ಲಕ್ಷವಾಯಿತು. ದಂಪತಿಗೆ ನಾಲ್ಕೂವರೆ ಲಕ್ಷ. ನಮ್ಮ ಚೀಟಿಯ ಮೂರು ಪಟ್ಟು.

ಹೊಲ ಮಾರಿದ ಗೆಳೆಯರು ಆಗಲೇ ಮಾತೆತ್ತಿದರು. ಕಾರ್ಖಾನೆಯವರ ಮನೆಗೆ ಕಡಿಮೆ ಬಿದ್ದದ್ದನ್ನೆಲ್ಲ ತಾವು ತುಂಬುವುದಾಗಿ, ಅದರ ಬಗ್ಗೆ ಮತ್ತೆಂದೂ ಮಾತು ಬೇಡವೆಂದರು. ಅವರ ಮನಸ್ಸು ನಿರ್ಮಲವೆಂಬುದರಲ್ಲಿ ನಮಗೆ ಸಂಶಯವಿಲ್ಲ. ಕಾರ್ಖಾನೆಯ ಗೆಳೆಯರು ತಲೆ ತಗ್ಗಿಸಿ ಕುಳಿತರು. ಉತ್ತರ ಬಂದದ್ದು ಅವರ ಪತ್ನಿಯಿಂದ. "ಅಣ್ಣಾ, ನಿಮ್ಮ ಹಣದಲ್ಲಿ ಬಂದರೆ ಅಲ್ಲಿ ಒಂದು ಲೋಟ ಕಾಫಿ ಕೊಳ್ಳುವಾಗಲೂ ನಾನು ನಿಮ್ಮ ಮುಖ ನೋಡಬೇಕಾಗುತ್ತದೆ. ನೀವು ಹೋಗಿ ಬನ್ನಿ, ನಾವು ಫೋಟೋ ನೋಡುತ್ತೇವೆ" ಎಂದರು. ಧ್ವನಿಯಲ್ಲಿ ಕೋಪವಿರಲಿಲ್ಲ.

ಗೆಳೆಯನಿಗೆ ಗೆಳೆಯ ಕೊಡುವುದೂ ಬೇಡವೆ, ದಾಸೋಹವೆಂದರೆ ಮತ್ತೇನು ಎಂದು ಅಂಗಡಿಯವರು ಕೇಳಿದರು. ಪ್ರಶ್ನೆ ಸಣ್ಣದಲ್ಲ. ಉಪಾಧ್ಯಾಯರು ಬಹಳ ಹೊತ್ತು ಯೋಚಿಸಿ, ದಾಸೋಹದಲ್ಲಿ ಎಲ್ಲರಿಗೂ ಒಂದೇ ಪಂಕ್ತಿ, ಒಂದೇ ಅಡುಗೆ. ಅಡುಗೆಯೇ ಒಬ್ಬರಿಗೆ ಎಟುಕದಷ್ಟು ಮೇಲಿದ್ದರೆ ಎತ್ತಿ ಬಡಿಸುವುದಕ್ಕಿಂತ ಒಲೆಯನ್ನೇ ಕೆಳಗಿಳಿಸುವುದು ಒಳಿತಲ್ಲವೇ ಎಂದರು. ನಮಗೆ ಇದು ಸರಿಕಂಡಿತು. ಒಂದೂವರೆ ಲಕ್ಷದ ಮೇಲೆ ಒಂದು ರೂಪಾಯಿಯೂ ಇಲ್ಲ, ಆ ಹಣ ಎಷ್ಟು ದೂರ ಒಯ್ಯುತ್ತದೆಯೋ ಅಷ್ಟು ದೂರ ಎಲ್ಲರೂ ಹೋಗುವುದೆಂದು ತೀರ್ಮಾನವಾಯಿತು. ಹೊಲ ಮಾರಿದ ಗೆಳೆಯರಿಗೆ ನೋವಾಯಿತು. ಎರಡು ಭಾನುವಾರ ಅವರು ನಮ್ಮ ಕೂಟಕ್ಕೆ ಬರಲಿಲ್ಲ. ಮೂರನೆಯ ಭಾನುವಾರ ಬಂದವರು ಜೇಬಿನಿಂದ ಥಾಯ್ಲೆಂಡ್ ರೈಲ್ವೆಯ ವೇಳಾಪಟ್ಟಿಯ ಪ್ರತಿಯನ್ನು ತೆಗೆದು ಮೇಜಿನ ಮೇಲಿಟ್ಟರು. ಮುನಿಸು ಪೂರ್ತಿ ಹೋಯಿತೆಂದು ಹೇಳಲಾರೆವು. ಆಲ್ಪ್ಸ್ ಪರ್ವತದ ಮಾತು ಈಗಲೂ ಅವರ ಬಾಯಲ್ಲಿ ಆಗಾಗ ಬರುತ್ತದೆ.

ಹೀಗೆ ನಿಶ್ಚಯವಾದದ್ದು ಮಲೇಷ್ಯಾ, ಥಾಯ್ಲೆಂಡ್, ಲಾವೋಸ್. ಕಾಂಬೋಡಿಯವೂ ಪಟ್ಟಿಯಲ್ಲಿತ್ತು; 2025ರಲ್ಲಿ ಥಾಯ್ಲೆಂಡಿನೊಡನೆ ಗಡಿಯಲ್ಲಿ ಕಾದಾಟವಾದ ಮೇಲೆ ಅದನ್ನು ಕೈಬಿಟ್ಟೆವು. ವೀಸಾದ ಖರ್ಚು ಇಲ್ಲಿ ಹಗುರ. ಮಲೇಷ್ಯಾ 2023ರ ಡಿಸೆಂಬರಿನಿಂದ ಭಾರತೀಯರಿಗೆ 30 ದಿನಗಳ ವೀಸಾರಹಿತ ಪ್ರವೇಶ ನೀಡಿತು. ಥಾಯ್ಲೆಂಡ್ 2024ರ ಜುಲೈಯಲ್ಲಿ ಅದನ್ನು 60 ದಿನಗಳಿಗೆ ಏರಿಸಿತು. ಲಾವೋಸಿಗೆ ಮಾತ್ರ ವೀಸಾ ಶುಲ್ಕ ಕಟ್ಟಬೇಕು. ಇಂಥ ನಿಯಮಗಳು ಬದಲಾಗುತ್ತಲೇ ಇರುವುದರಿಂದ ಟಿಕೆಟು ತೆಗೆಯುವ ಮುನ್ನ ಒಮ್ಮೆ, ಹೊರಡುವ ವಾರ ಇನ್ನೊಮ್ಮೆ ನೋಡುವುದು ಅವಶ್ಯ.

ದಾರಿಯನ್ನು ಸ್ವಲ್ಪ ವಿವರವಾಗಿ ಬರೆಯುತ್ತೇವೆ, ಇಂಥ ಯೋಚನೆಯುಳ್ಳ ಓದುಗ ಬಂಧುಗಳಿಗೆ ಉಪಯೋಗವಾದೀತು. ಬೆಂಗಳೂರಿನಿಂದ ಕೌಲಾಲಂಪುರಕ್ಕೆ ವಿಮಾನ. ಅಲ್ಲಿನ ಮುಖ್ಯ ರೈಲು ನಿಲ್ದಾಣದ ಪಕ್ಕದಲ್ಲೇ ಬ್ರಿಕ್‌ಫೀಲ್ಡ್ಸ್ ಎಂಬ ಭಾರತೀಯರ ಬೀದಿ. ಬಾಳೆಯೆಲೆಯ ಊಟಕ್ಕೆ ಕೊರತೆಯಿಲ್ಲ. ಎರಡು ರಾತ್ರಿ ತಂಗಿ, ವಿದ್ಯುತ್ ರೈಲಿನಲ್ಲಿ ಗಡಿಯ ಪಡಂಗ್ ಬೆಸಾರಿಗೆ ಐದಾರು ಗಂಟೆ. ಆ ನಿಲ್ದಾಣದ ವಿಶೇಷವೆಂದರೆ ಎರಡೂ ದೇಶಗಳ ಪಾಸ್‌ಪೋರ್ಟ್ ಕಚೇರಿಗಳು ಒಂದೇ ಕಟ್ಟಡದಲ್ಲಿವೆ. ಈ ಕಿಟಕಿಯಲ್ಲಿ ಹೊರಹೋದ ಮುದ್ರೆ, ಆ ಕಿಟಕಿಯಲ್ಲಿ ಒಳಬಂದ ಮುದ್ರೆ. ಗಡಿಯಾರವನ್ನು ಅಲ್ಲೇ ಒಂದು ಗಂಟೆ ಹಿಂದಕ್ಕೆ ತಿರುಗಿಸಬೇಕು. ಇದನ್ನು ಮರೆತು ರೈಲು ತಪ್ಪಿತೆಂದು ಗಾಬರಿಪಡುವವರು ಇರುತ್ತಾರಂತೆ. ಸಂಜೆ ಅಲ್ಲಿಂದ ಬ್ಯಾಂಕಾಕಿಗೆ ರಾತ್ರಿಯ ರೈಲು. ಗಡಿಯಿಂದ ಹೊರಡುವ ಮಲಗುವ ಡಬ್ಬಿಗಳು ಎರಡೇ; ಉಳಿದವು ಹಾಟ್ ಯಾಯ್ ಊರಿನಲ್ಲಿ ಸೇರಿಕೊಳ್ಳುತ್ತವೆ. ಆದುದರಿಂದ ಎಂಟು ಮಂದಿಗೆ ಒಟ್ಟಿಗೆ ಸ್ಥಳ ಬೇಕಾದರೆ ಬಹಳ ಮೊದಲೇ ಕಾಯ್ದಿರಿಸಬೇಕು. ದರ ಸಾವಿರ ಬಾತಿನ ಆಸುಪಾಸು, ಎಂದರೆ ನಮ್ಮ ಎರಡೂವರೆ ಮೂರು ಸಾವಿರ. ಒಂದು ರಾತ್ರಿಯ ವಸತಿಯೂ ಅದರಲ್ಲೇ ಕಳೆಯಿತು.

ಮಲೇಷ್ಯಾ ಮತ್ತು ಥಾಯ್ಲೆಂಡಿನ ಹಳಿಗಳೆರಡೂ ಮೀಟರ್ ಗೇಜ್. 1990ರ ದಶಕದಲ್ಲಿ ಬ್ರಾಡ್ ಗೇಜ್ ಆಗುವವರೆಗೆ ಬೆಂಗಳೂರಿನಿಂದ ಮೈಸೂರಿಗೂ ಹುಬ್ಬಳ್ಳಿಗೂ ನಾವು ಓಡಾಡಿದ್ದು ಅದೇ ಅಗಲದ ಹಳಿಯ ಮೇಲೆ. ಆ ತೂಗಾಟ ಮತ್ತೆ ಸಿಕ್ಕೀತೆಂಬ ಆಸೆ ನಮಗೆ.

ಬ್ಯಾಂಕಾಕಿನಲ್ಲಿ ಮೂರು ರಾತ್ರಿ. ಅರಮನೆ, ದೇವಾಲಯಗಳನ್ನು ಎಲ್ಲರೂ ನೋಡುತ್ತಾರೆ, ನಾವೂ ನೋಡುತ್ತೇವೆ. ನಮ್ಮಲ್ಲಿ ಚರ್ಚೆಯಾದದ್ದು ಕಾಂಚನಬುರಿಯ ಬಗ್ಗೆ. ಎರಡನೆಯ ಮಹಾಯುದ್ಧದಲ್ಲಿ ಜಪಾನಿ ಸೈನ್ಯ 1942ರಿಂದ 1943ರ ಒಳಗೆ ಥಾಯ್ಲೆಂಡಿನಿಂದ ಬರ್ಮಾಕ್ಕೆ 415 ಕಿಲೋಮೀಟರು ರೈಲು ಹಳಿ ಹಾಕಿಸಿತು. ಹನ್ನೆರಡು ಸಾವಿರಕ್ಕೂ ಹೆಚ್ಚು ಯುದ್ಧಕೈದಿಗಳು ಅಲ್ಲಿ ಸತ್ತರು. ಅವರಿಗಿಂತ ಎಷ್ಟೋ ಪಟ್ಟು ಹೆಚ್ಚಾಗಿ ಏಷ್ಯಾದ ಕೂಲಿಗಳು ಸತ್ತರು. ತೊಂಬತ್ತು ಸಾವಿರವೆಂಬ ಅಂದಾಜಿದೆ. ಮಲಯದ ರಬ್ಬರ್ ತೋಟಗಳಿಂದ ಸಾಗಿಸಿದ ತಮಿಳರು ಅವರಲ್ಲಿ ಬಹುಸಂಖ್ಯೆಯಲ್ಲಿದ್ದರು. ಸೈನಿಕರ ಸಮಾಧಿಗಳು ಹೆಸರಿನ ಫಲಕಗಳೊಡನೆ ಇಂದಿಗೂ ಸಾಲಾಗಿವೆ. ಕೂಲಿಗಳಲ್ಲಿ ಬಹುತೇಕರಿಗೆ ಹೆಸರೂ ಇಲ್ಲ, ಕಲ್ಲೂ ಇಲ್ಲ. ಸಂತೋಷಕ್ಕೆ ಹೋಗುವ ಯಾತ್ರೆಯಲ್ಲಿ ಇದೇಕೆಂದು ಮಹಿಳೆಯರಲ್ಲಿ ಇಬ್ಬರು ಕೇಳಿದರು. ಕಾರ್ಖಾನೆಯ ಗೆಳೆಯರು ಎಂದೂ ಪಟ್ಟು ಹಿಡಿಯುವವರಲ್ಲ. ಈ ಒಂದು ವಿಷಯದಲ್ಲಿ ಹಿಡಿದರು. ಹಳಿ ಹಾಕಿದವರನ್ನು ನೆನೆಯದೆ ರೈಲು ಹತ್ತುವುದು ತನಗೆ ಆಗದೆಂದರು. ಥೋನ್‌ಬುರಿ ನಿಲ್ದಾಣದಿಂದ ಆ ಮಾರ್ಗದಲ್ಲಿ ಇಂದಿಗೂ ಮೂರನೆಯ ದರ್ಜೆಯ ಸಾಮಾನ್ಯ ರೈಲು ಓಡುತ್ತದೆ. ವಿದೇಶೀಯರಿಗೆ 100 ಬಾತ್. ಒಂದು ದಿನವನ್ನು ಅದಕ್ಕೆ ಮೀಸಲಿಟ್ಟೆವು.

ಬ್ಯಾಂಕಾಕಿನಿಂದ ಲಾವೋಸಿನ ರಾಜಧಾನಿ ವಿಯೆಂಟಿಯಾನಿಗೆ 2024ರ ಜುಲೈಯಿಂದ ನೇರ ರಾತ್ರಿ ರೈಲಿದೆ. ಅದು ಮೆಕಾಂಗ್ ನದಿಯ ಸೇತುವೆಯನ್ನು ದಾಟಿ ಹೋಗುತ್ತದೆ. ಮೊದಲು ಗಡಿಯಲ್ಲಿ ಇಳಿದು ಬೇರೆ ಚಿಕ್ಕ ರೈಲು ಹಿಡಿಯಬೇಕಿತ್ತು. ವಿಯೆಂಟಿಯಾನಿನಲ್ಲಿ ನಿಲ್ದಾಣಗಳು ಎರಡು. ಚೀನಾದ ನೆರವಿನಿಂದ 2021ರ ಡಿಸೆಂಬರಿನಲ್ಲಿ ಆರಂಭವಾದ ಹೊಸ ರೈಲಿನ ನಿಲ್ದಾಣ ಬೇರೆಯೇ ಇದೆ, ವಾಹನ ಮಾಡಿಕೊಂಡು ಹೋಗಬೇಕು. ಆ ರೈಲು ಬೆಟ್ಟಗಳನ್ನು ಸುರಂಗಗಳಲ್ಲಿ ಕೊರೆದು ಲುವಾಂಗ್ ಪ್ರಬಾಂಗಿಗೆ ಎರಡು ಗಂಟೆಯಲ್ಲಿ ಮುಟ್ಟಿಸುತ್ತದೆ. ಹಣ್ಣು ಕೊಯ್ಯುವ ಚಾಕುವನ್ನೂ ತಪಾಸಣೆಯಲ್ಲಿ ತೆಗೆದಿಡುತ್ತಾರೆಂದು ಕೇಳಿದ್ದರಿಂದ ಚಾಕು ಮನೆಯಲ್ಲೇ ಉಳಿಯಲಿದೆ. ಅಲ್ಲಿ ಮೂರು ರಾತ್ರಿ, ಮರಳಿ ವಿಯೆಂಟಿಯಾನಿನಲ್ಲಿ ಒಂದು, ಮತ್ತೆ ರಾತ್ರಿ ರೈಲು, ಬ್ಯಾಂಕಾಕಿನಿಂದ ವಿಮಾನ. ಒಟ್ಟು ಹನ್ನೆರಡು ರಾತ್ರಿಗಳಲ್ಲಿ ಮೂರು ರೈಲಿನಲ್ಲೇ.

ಊಟದ ಚಿಂತೆ ನಮ್ಮವರಿಗೆ ಸಹಜ. ಥಾಯ್ಲೆಂಡಿನಲ್ಲಿ ಹಳದಿ ಬಾವುಟದ ಮೇಲೆ ಕೆಂಪಕ್ಷರದಲ್ಲಿ "ಜೇ" ಎಂದು ಬರೆದ ಅಂಗಡಿಗಳಲ್ಲಿ ಮಾಂಸ, ಮೊಟ್ಟೆ, ಹಾಲು ಮಾತ್ರವಲ್ಲ, ಈರುಳ್ಳಿ ಬೆಳ್ಳುಳ್ಳಿಯನ್ನೂ ಬಳಸುವುದಿಲ್ಲ. ಬೇರೆಡೆ ತರಕಾರಿಯ ಪಲ್ಯಕ್ಕೂ ಮೀನಿನ ರಸ ಬೆರೆಸುವ ವಾಡಿಕೆಯಿದೆ, ಬಾಯಿಬಿಟ್ಟು ಕೇಳಲೇಬೇಕು. ಲಾವೋಸಿಗಾಗಿ ಅವಲಕ್ಕಿ, ಚಟ್ನಿಪುಡಿ, ಹುರಿಹಿಟ್ಟು ಕಟ್ಟಿಕೊಳ್ಳುತ್ತೇವೆ. ಅಂಗಡಿಯವರ ಸೊಸೆ ಗದಗಿನ ಕಡೆಯವರಾದ್ದರಿಂದ ಖಡಕ್ ಜೋಳದ ರೊಟ್ಟಿಯ ಹೊಣೆ ಅವರದು. ಬೆಳಗಿನ ಲಿಂಗಪೂಜೆಗೆ ಥಾಯ್ ರೈಲಿನ ಕೆಳಗಿನ ಮಂಚ ಮತ್ತು ಅದರ ಪರದೆ ಸಾಕು. ವಿಭೂತಿಯನ್ನು ಪುಡಿಯಾಗಿ ಪೊಟ್ಟಣದಲ್ಲಿ ಒಯ್ಯದೆ ಗಟ್ಟಿಯನ್ನೇ ಹೆಸರು ಬರೆದ ಡಬ್ಬಿಯಲ್ಲಿಡುವುದು ಮೇಲು, ವಿಮಾನ ನಿಲ್ದಾಣದಲ್ಲಿ ಬಿಳಿ ಪುಡಿಗೆ ವಿವರಣೆ ಕೊಡುತ್ತ ನಿಲ್ಲುವುದು ತಪ್ಪುತ್ತದೆ. ಥಾಯ್ ರೈಲುಗಳಲ್ಲಿ 2014ರಿಂದ ಮದ್ಯಪಾನ ನಿಷೇಧವೆಂಬುದು ನಮ್ಮ ಮನೆಯವರಿಗೆ ಧೈರ್ಯ ಕೊಟ್ಟಿದೆ.

ಖರ್ಚಿಗೆ ಒಂದು ಸಾಮಾನ್ಯ ಚೀಲ. ಪ್ರತಿದಿನ ಬೆಳಿಗ್ಗೆ ಪ್ರತಿ ಮನೆಯೂ ಸಮನಾದ ಮೊತ್ತ ಹಾಕುವುದು. ಊಟ, ವಾಹನ, ಪ್ರವೇಶ ಶುಲ್ಕ ಅದರಿಂದ. ಚೀಲ ಕಾರ್ಖಾನೆಯ ಗೆಳೆಯರ ಪತ್ನಿಯ ಕೈಯಲ್ಲಿರಬೇಕೆಂದು ಸೂಚಿಸಿದವರು ಹೊಲ ಮಾರಿದ ಗೆಳೆಯರ ಪತ್ನಿ. ಅವರದೇ ಇನ್ನೊಂದು ಸಲಹೆಯೂ ಇತ್ತು: ರೇಷ್ಮೆ, ಬೆಳ್ಳಿ ಕೊಳ್ಳುವ ಅಂಗಡಿಗಳಿಗೆ ಒಟ್ಟಿಗೆ ಹೋಗುವುದು ಬೇಡ, ಬೇಕಾದವರು ಮಧ್ಯಾಹ್ನ ಪ್ರತ್ಯೇಕವಾಗಿ ಹೋಗಿಬರಲಿ, ತಂದದ್ದನ್ನು ಊರಿಗೆ ಬಂದ ಮೇಲೆ ಬಿಚ್ಚಲಿ. ನಾವು ಗಂಡಸರಾರಿಗೂ ಹೊಳೆಯದಿದ್ದ ಸೂಕ್ಷ್ಮ ಇದು.

ತಲೆಗೆ 75,000 ರೂಪಾಯಿಗಳಲ್ಲಿ ವಿಮಾನಕ್ಕೆ ಮೂರನೆಯ ಒಂದು ಭಾಗ ಹೋಗುತ್ತದೆ. ವಿಮೆ, ಔಷಧಿ ಸೇರಿಸಿ ಆರು ಸಾವಿರದಷ್ಟು ಉಳಿಯುವ ಅಂದಾಜಿದೆ. ಅದನ್ನು ಮುಟ್ಟದೆ ಇಡುವುದೆಂದು ಮಾತಾಗಿದೆ. ದಕ್ಷಿಣ ಥಾಯ್ಲೆಂಡಿನಲ್ಲಿ ನವೆಂಬರ್ ಡಿಸೆಂಬರ್ ಮಳೆಗಾಲ. 2025ರ ನವೆಂಬರಿನಲ್ಲಿ ಹಾಟ್ ಯಾಯ್ ಊರೇ ಮುಳುಗಿತ್ತು. ಆದುದರಿಂದ ಸಂಕ್ರಾಂತಿ ಮುಗಿಸಿ ಹೊರಟು ಮಹಾಶಿವರಾತ್ರಿಗೆ ಮುಂಚೆ ಮನೆ ಸೇರುವುದು. ಕೆಳಗಿನ ಮಂಚಗಳು ನಾಲ್ಕೂ ಮಹಿಳೆಯರಿಗೆ. ಏಣಿ ಹತ್ತುವುದು ನಮಗೆ. ಉಪಾಧ್ಯಾಯರು ಈಗಾಗಲೇ ಮನೆಯ ಅಟ್ಟಕ್ಕೆ ಹತ್ತಿ ಇಳಿದು ಅಭ್ಯಾಸ ಮಾಡುತ್ತಿದ್ದಾರೆ.

ಎಂಟು ಮಂದಿಯಲ್ಲಿ ಪಾಸ್‌ಪೋರ್ಟ್ ಇಲ್ಲದವರು ಇಬ್ಬರಿದ್ದರು, ಕಾರ್ಖಾನೆಯ ಗೆಳೆಯರು ಮತ್ತು ಅವರ ಪತ್ನಿ. ತಲಾ 1,500 ರೂಪಾಯಿ ಕಟ್ಟಿ ಅರ್ಜಿ ಹಾಕಿದರು. ಪೊಲೀಸರ ವಿಚಾರಣೆಯೂ ಆಯಿತು. ಕಳೆದ ವಾರ ಅಂಚೆಯಣ್ಣ ಎರಡನ್ನೂ ತಂದುಕೊಟ್ಟ. ಅವರ ಪತ್ನಿ ಅವನ್ನು ಬೀರುವಿನಲ್ಲಿಡಲಿಲ್ಲ. ಹೊಲಿಗೆ ಯಂತ್ರದ ಡ್ರಾಯರಿನಲ್ಲಿ, ದಾರದ ಉಂಡೆಗಳ ಪಕ್ಕದಲ್ಲಿ ಇಟ್ಟುಕೊಂಡಿದ್ದಾರೆ.