ಹಿಮಬಂಡಿಯ ಉಸಿರು

ಹಿಮವನ್ನು ಚಿತ್ರಪಟಗಳಲ್ಲಿ ಮಾತ್ರ ಕಂಡ ನಮಗೆ ಅದು ಸೊಬಗಿನ ವಸ್ತು. ಕೆನಡಾದ ಕ್ವಿಬೆಕ್ ಪ್ರಾಂತದ ವಾಲ್ಕೂರ್ ಎಂಬ ಊರಿನ ಮನೆಯೊಂದಕ್ಕೆ 1934ರ ಚಳಿಗಾಲದಲ್ಲಿ ಅದು ಮೃತ್ಯುವಿನ ಬೇಲಿಯಾಯಿತು. ಜೋಸೆಫ್ ಅರ್ಮಾಂಡ್ ಬೊಂಬಾರ್ಡಿಯೇ ಎಂಬ ಯಂತ್ರಕುಶಲಿಯ ಎರಡು ವರ್ಷದ ಮಗನಿಗೆ ಹೊಟ್ಟೆಯ ವ್ಯಾಧಿ ಉಲ್ಬಣಿಸಿದಾಗ, ಹಿಮ ಮುಚ್ಚಿದ ಹಾದಿಯಲ್ಲಿ ಆಸ್ಪತ್ರೆಗೆ ಒಯ್ಯಲು ಸಾಧನವಿರಲಿಲ್ಲ; ಕೂಸು ಉಳಿಯಲಿಲ್ಲ. ಮೊದಲೇ ಪ್ರಯೋಗಕ್ಕೆ ತೊಡಗಿದ್ದ ತಂದೆ ಅನಂತರವೂ ಕೈಬಿಡಲಿಲ್ಲ. ಇಂದಿನ ಸ್ನೋಮೊಬೈಲುಗಳ ಹಿರಿಯಣ್ಣನೆನ್ನಬಹುದಾದ ಸ್ಕೀ-ಡೂ 1959ರಲ್ಲಿ ಅವನ ಕಾರ್ಖಾನೆಯಿಂದ ಹೊರಬಂದಿತು.

ಕ್ಯಾಲ್ಗರಿಯಲ್ಲಿ ನೆಲೆಸಿರುವ ನನ್ನ ಅಕ್ಕನ ಮಗ ಈಗ ಇಂತಹುದೊಂದನ್ನು ಕೊಳ್ಳಹೊರಟಿದ್ದಾನೆ. "ಮಾವ, ಟರ್ಬೋ ಮೇಲೋ, ಸೂಪರ್‌ಚಾರ್ಜರ್ ಮೇಲೋ?" ಎಂಬುದು ಅವನ ಪ್ರಶ್ನೆ. "ಅವನಿಗೆ ನಾಲ್ಕು ಬುದ್ಧಿಮಾತು ಹೇಳೋ" ಎಂಬುದು ಅಕ್ಕನ ಅಪ್ಪಣೆ. ಎಂಜಿನ್ನುಗಳ ನಡುವೆಯೇ ಆಯುಷ್ಯ ಸವೆಸಿದ ನಾನು ಇಬ್ಬರಿಗೂ ಉತ್ತರ ಕೊಡಬೇಕಾಯಿತು.

ಎರಡೂ ಕಮ್ಮಾರನ ತಿದಿಯ ಕೆಲಸವನ್ನೇ ಮಾಡುತ್ತವೆ. ಎಂಜಿನ್ನಿಗೆ ಹೆಚ್ಚು ಗಾಳಿಯನ್ನು ಒತ್ತಿ ತುಂಬುತ್ತವೆ. ಸೂಪರ್‌ಚಾರ್ಜರನ್ನು ಎಂಜಿನ್ನೇ ಬೆಲ್ಟಿನಿಂದ ತಿರುಗಿಸುತ್ತದೆ. ಹೆಬ್ಬೆರಳು ಥ್ರಾಟಲನ್ನು ಒತ್ತಿದೊಡನೆ ಅದು ಓಗೊಡುತ್ತದೆ. ಆದರೆ ದುಡಿದ ಶಕ್ತಿಯಲ್ಲೇ ಒಂದು ಪಾಲನ್ನು ಕೂಲಿಯಾಗಿ ಪಡೆಯುತ್ತದೆ. ಟರ್ಬೋ ಮಿತವ್ಯಯಿ, ಹೊರಗೆ ಹೋಗುವ ಹೊಗೆಯ ರಭಸದಿಂದಲೇ ತಿರುಗುತ್ತದೆ. ಆ ರಭಸ ಕೂಡಿಬರಲು ಮಾತ್ರ ಅರೆಗಳಿಗೆ ತಡವಾಗುವುದುಂಟು.

ಆ ಅರೆಗಳಿಗೆ ಅಲ್ಪವೆಂದು ವಾಚಕರು ತಿಳಿಯಬಾರದು. ಆಳವಾದ ಹಿಮದಲ್ಲಿ ಸವಾರನು ಮೈಯನ್ನು ವಾಲಿಸಿ ಬಂಡಿಯನ್ನು ತಿರುಗಿಸುತ್ತಾನೆ. ಮರಗಳ ನಡುವಣ ತಿರುವಿನಲ್ಲಿ ಶಕ್ತಿ ತಡವಾಗಿ ಒಮ್ಮೆಲೇ ನುಗ್ಗಿದರೆ ಮುಂದಿನ ಸ್ಕೀಗಳು ಹಗುರಾಗಿ ದಿಕ್ಕು ತಪ್ಪೀತು. ಇಂದಿನ ಯಂತ್ರಗಳಲ್ಲಿ ಈ ವಿಳಂಬ ಬಹಳ ತಗ್ಗಿದೆಯೆಂಬುದೂ ನಿಜ. ಮೇಲಾಗಿ 8,000 ಅಡಿ ಎತ್ತರದ ತೆಳುಗಾಳಿಯಲ್ಲಿ ಸಾಮಾನ್ಯ ಎಂಜಿನ್ನು ತನ್ನ ಬಲದ ಸುಮಾರು ಕಾಲುಭಾಗವನ್ನು ಕಳೆದುಕೊಳ್ಳುತ್ತದೆ. ಆ ನಷ್ಟವನ್ನು ತುಂಬುವುದರಲ್ಲಿ ಟರ್ಬೋ ನಿಪುಣ.

ಆದುದರಿಂದ, ತಗ್ಗಿನ ಕಾಡುದಾರಿಗೆ ಸೂಪರ್‌ಚಾರ್ಜರ್, ಎತ್ತರದ ಪರ್ವತಕ್ಕೆ ಟರ್ಬೋ ಎಂದು ಹುಡುಗನಿಗೆ ಬರೆದೆ.

ಅಕ್ಕನಿಗೆ ಬರೆದ ಕಾಗದ ಬೇರೆ. ಬಲ ಹೆಚ್ಚಿದಷ್ಟೂ ಬಂಡಿಯು ಹಿಮ ಕುಸಿಯುವ ಕಡಿದಾದ ಇಳಿಜಾರುಗಳಿಗೆ ಸಲೀಸಾಗಿ ಏರುತ್ತದೆ; ಹೂತುಹೋದವನಿಗೆ ಉಳಿಯುವ ಕಾಲ ನಿಮಿಷಗಳ ಲೆಕ್ಕದ್ದು. "ಯಾವ ಯಂತ್ರವೆಂದು ಕೇಳಬೇಡ, ಅಕ್ಕ. ಜೊತೆಗೆ ಯಾರಿದ್ದಾರೆ, ಇರುವ ಜಾಗ ತಿಳಿಸುವ ರೇಡಿಯೋವನ್ನು ಎದೆಗೆ ಕಟ್ಟಿಕೊಂಡಿದ್ದಾನೆಯೇ, ಬೆನ್ನಿನ ಚೀಲದಲ್ಲಿ ಸಲಿಕೆ ಇದೆಯೇ ಎಂದು ಕೇಳು."