ಬಿಸಿಲ್ಗುದುರೆಯ ಕಾವಲು

ನಮ್ಮ ಸೀಮೆಯಲ್ಲಿ ಕಾಡುಕುದುರೆಗಳಿಲ್ಲ. ಇರುವುದು ಬಿಸಿಲ್ಗುದುರೆ. ಶಿವರಾತ್ರಿ ಕಳೆದ ಮೇಲೆ ಹಿರಿಯೂರಿನಿಂದ ಹೊಸದುರ್ಗದ ಕಡೆ ಹೋಗುವಾಗ, ಹೊತ್ತು ನೆತ್ತಿಗೇರುವ ಮುಂಚೆ ಒಂದು ಬಯಲಿನ ಅಂಚಿಗೆ ನಿಂತರೆ ಸಾಕು. ದೂರದ ಜಾಲಿಮರಗಳ ಬುಡ ಕರಗಿ ನೀರಾಗುತ್ತದೆ. ಆ ನೀರಿನ ಮೇಲೆ ಏನೋ ಕುಣಿಯುತ್ತ ಓಡುತ್ತದೆ. ಚಿಕ್ಕಂದಿನಲ್ಲಿ ಅಪ್ಪನ ಸೈಕಲ್ಲಿನ ಹಿಂದೆ ಕೂತು ನಾನು ಅದನ್ನು ಕುದುರೆಯೆಂದೇ ನಂಬಿದ್ದೆ.

ಕ್ಯಾಮೆರಾ ಕೈಗೆ ಬಂದ ಮೇಲೆ ಒಂದು ದಿನ ಅದೇ ನೀರಿನ ಮೇಲೆ ನಿಜಕ್ಕೂ ಜೀವಗಳು ನಡೆದುಬಂದವು. ಮೊದಲು ಕೊಂಬು ಕಂಡವು, ಆಮೇಲೆ ಬೂದುಬಿಳಿಯ ಮೈಗಳು, ಕೊನೆಗೆ ಕಾಲು. ಗೊಲ್ಲರಹಟ್ಟಿಯ ದೇವರ ದನಗಳು. ಇವಕ್ಕೆ ನೊಗ ಗೊತ್ತಿಲ್ಲ, ಸಂತೆ ಗೊತ್ತಿಲ್ಲ. ಸತ್ತರೆ ಮನೆಯವರನ್ನು ಮಣ್ಣು ಮಾಡುವಂತೆಯೇ ಮಣ್ಣು ಮಾಡುತ್ತಾರೆ. ಕಾಡುಗೊಲ್ಲರ ವೀರ ಜುಂಜಪ್ಪ ದನ ಕಾದೇ ದೈವವಾದವನು. ಅವನ ಮೆಚ್ಚಿನ ಬಡಮೈಲನೆಂಬ ಗೂಳಿಯ ಕತೆಯನ್ನು ಗಣೆ ಊದಿ ಹಾಡುವವರು ಹಿರಿಯೂರು, ಶಿರಾ ಸೀಮೆಯಲ್ಲಿ ಇಂದಿಗೂ ಇದ್ದಾರೆ.

ನಾನು ಕೃಷ್ಣಮೃಗದ ಚಿತ್ರ ತೆಗೆದು ಕಲಿತವನು. ಗಾಳಿಗೆ ಎದುರಾಗಿ, ವಾಸನೆ ಹತ್ತದ ಹಾಗೆ, ಬಗ್ಗಿ ಹತ್ತಿರ ಸರಿದೆ. ಮುಂದಿದ್ದ ಗೂಳಿ ತಲೆಯೆತ್ತಿತು. ಮಂದೆಯೆಲ್ಲ ಒಂದೇ ಉಸಿರಿಗೆ ತಿರುಗಿ ಧೂಳೆಬ್ಬಿಸಿಕೊಂಡು ಹೋಯಿತು. ಕಂಬಳಿ ಹೊದ್ದ, ಆ ಮಂದೆ ಕಾಯುವ ಕಿಲಾರಿ ಅಜ್ಜ ಬಂದು ನನ್ನ ಪಕ್ಕ ನಿಂತರು.

"ಕಳ್ಳನಂಗೆ ಬರಬ್ಯಾಡ ತಮ್ಮಾ. ಗಾಳಿ ಬರೋ ಕಡೀಗೆ ಹೋಗಿ ಕೂತ್ಕ. ನಿನ್ ವಾಸ್ನೆ ಅವುಕ್ಕೆ ಹತ್ಲಿ. ನೀನ್ಯಾರಂತ ಗೊತ್ತಾದ್ರೆ ಅವೇ ಬತ್ತಾವೆ."

ಹಾಗೇ ಕೂತೆ. ಎರಡು ತಾಸಿನ ಮೇಲೆ ಮಂದೆ ಮೇಯುತ್ತ ಮೇಯುತ್ತ ನನ್ನತ್ತ ಬಂತು. ಎಷ್ಟು ದೂರ ನಿಲ್ಲಬೇಕೆಂದು ಅವೇ ತೀರ್ಮಾನಿಸಿದವು. ಅಂದಿನಿಂದ ನಾನು ಯಾವ ಪ್ರಾಣಿಯ ಹತ್ತಿರಕ್ಕೂ ಅಡಗಿ ಹೋಗಿಲ್ಲ.

ನೊಗ ಕಾಣದ ಆ ದನಗಳನ್ನು ನೋಡಿದ ರಾತ್ರಿ ನಮೀಬಿಯಾದ ಮರಳುಗಾಡಿನ ಕಾಡುಕುದುರೆಗಳು ನೆನಪಾದವು. ಮೊದಲ ಮಹಾಯುದ್ಧದ ಕಾಲದಲ್ಲಿ ತಪ್ಪಿಸಿಕೊಂಡ ಸೈನ್ಯದ ಕುದುರೆಗಳೂ ಅವುಗಳ ಪೂರ್ವಿಕರಲ್ಲಿವೆ ಎನ್ನುತ್ತಾರೆ. ಉಗಿಬಂಡಿಗಳಿಗೆಂದು ಗಾರುಬ್ ಎಂಬಲ್ಲಿ ತೋಡಿದ್ದ ಬಾವಿಯ ನೀರು ಅವನ್ನು ಉಳಿಸಿತು. ನಮ್ಮ ಬಯಲಿನ ಚರಿತ್ರೆಯೂ ದಂಡಿನದೇ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ ಎಂಬ ದನಗಳ ಇಲಾಖೆಗೆ ಟಿಪ್ಪು ಸುಲ್ತಾನ್ ಅಮೃತ್ ಮಹಲ್ ಎಂದು ಹೆಸರಿಟ್ಟ. ಫಿರಂಗಿ, ಮದ್ದುಗುಂಡು, ದಂಡಿನ ದವಸ ಎಳೆದದ್ದು ಅದರ ಎತ್ತುಗಳು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಗ್ಲಿಷರ ದಂಡಿಗೂ ಅವೇ ಬೇಕಾದವು. ಅವುಗಳ ಮೇವಿಗೆಂದು ಮೀಸಲಾದವು ಈ ಕಾವಲುಗಳು: ಬೇಸಗೆಗೆ ಒಂದು, ಮಳೆಗಾಲಕ್ಕೆ ಒಂದು, ಚಳಿಗಾಲಕ್ಕೆ ಮತ್ತೊಂದು. ಹೊಸದುರ್ಗದ ನೆರೆಯ ಅಜ್ಜಂಪುರದಲ್ಲಿ ಆ ತಳಿಯ ಸಂವರ್ಧನಾ ಕೇಂದ್ರ ಈಗಲೂ ಇದೆ.

ಕಾವಲು ಎಂದರೆ ಮೇವಿನ ಬಯಲು. ಕಾವಲು ಎಂದರೆ ಕಾಯುವುದು. ಎರಡೂ ಒಂದೇ ಪದವಾದದ್ದು ಬರೀ ಭಾಷೆಯ ಯೋಗಾಯೋಗವೆಂದು ನನಗೆ ಅನ್ನಿಸುವುದಿಲ್ಲ. ಕಾಯುವವರು ಇಲ್ಲದ ಕಡೆ ಬಯಲು ಉಳಿದಿಲ್ಲ. ಕಾಗದದಲ್ಲಿ ಇದನ್ನು ಬೀಳು ಎಂದು ಬರೆದರೆ ಸಾಕು, ಕೊಡುವುದು ಸುಲಭವಾಗುತ್ತದೆ. ಚಳ್ಳಕೆರೆಯಲ್ಲಿ ಸುಮಾರು 10 ಸಾವಿರ ಎಕರೆ ಕಾವಲು ರಕ್ಷಣೆ, ವಿಜ್ಞಾನದ ಸಂಸ್ಥೆಗಳಿಗೆ ಹೋಯಿತು. ಹೊಳಲ್ಕೆರೆಯಲ್ಲಿ ಅಡಿಕೆ, ಹೊಸದುರ್ಗದಲ್ಲಿ ದಾಳಿಂಬೆ, ಗುಡ್ಡದ ನೆತ್ತಿಯಲ್ಲಿ ಗಾಳಿಯಂತ್ರ. ಒಂದೊಂದಕ್ಕೂ ಅದರದೇ ನ್ಯಾಯವಿದೆ. ಹುಲ್ಲಿಗೂ ಒಂದು ನ್ಯಾಯವಿದೆ ಎಂದು ಹೇಳುವವರು ಮಾತ್ರ ಕಡಿಮೆ.

ಮೊದಮೊದಲು ನಾನು ಉದ್ದ ಲೆನ್ಸಿನಲ್ಲಿ ಕೊಂಬು, ಕಣ್ಣು, ಗೊರಸಿನ ಧೂಳು ಹಿಡಿಯುತ್ತಿದ್ದೆ. ಅವನ್ನು ಅಜ್ಜನಿಗೆ ತೋರಿಸಿದರೆ ಸುಮ್ಮನೆ ತಲೆಯಾಡಿಸುತ್ತಿದ್ದರು. ಒಂದು ಸಂಜೆ ಲೆನ್ಸು ಬದಲಿಸಿ ಬಯಲನ್ನೆಲ್ಲ ಒಂದೇ ಚೌಕಟ್ಟಿಗೆ ತಂದೆ. ಮಂದೆ ಬೆರಳ ತುದಿಯಷ್ಟಾಯಿತು. ಅಜ್ಜ ಪರದೆಯನ್ನು ಮುಖದ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು.

"ಇಲ್ನೋಡು, ಹಳ್ಳ ಬಂದೈತೆ. ಈ ಕಲ್ಲಿನ ತಾವ ಕರಡ ಒಣಗೈತೆ. ಆ ಓರೀಗೆ ಇನ್ನೂ ಹಸೀ ಐತೆ, ಅದ್ಕೇ ದನ ಅತ್ಲಾಗೆ ಮಖ ಮಾಡ್ಯಾವೆ."

ನನಗೆ ಮಾತು ಹೊರಡಲಿಲ್ಲ. ನಾನು ತೆಗೆದ ಚಿತ್ರವನ್ನು ಓದಿದವರು ಅವರು. ದನದ ಚಿತ್ರ ತೆಗೆಯುವುದೆಂದರೆ ದನ ಮುಖ ಮಾಡಿದ ನೆಲದ ಚಿತ್ರ ತೆಗೆಯುವುದು.

"ಮಳೆ ಬಿದ್ದ ಮ್ಯಾಲೆ ಇದೇ ಕಲ್ಲಿನ ತಾವ ನಿಂತು ಇನ್ನೊಂದು ತೆಗಿ" ಎಂದರು.

ತೆಗೆದೆ. ಮಾರಿಕಣಿವೆ ಜಲಾಶಯ ತುಂಬಿ ಕೋಡಿ ಬಿದ್ದ 2022ರಲ್ಲಿ ತೆಗೆದೆ. 1933ರ ನಂತರ ಮೊದಲ ಸಲ ಕೋಡಿ ಹರಿದ ವರ್ಷವದು. ಆ ಸಲದ ಚಿತ್ರದಲ್ಲಿ ಹುಲ್ಲು ಕರುಗಳ ಬೆನ್ನು ಮುಚ್ಚಿದೆ. ಹುಲ್ಲು ಸುಟ್ಟುಹೋದ ಬೇಸಗೆಗಳಲ್ಲೂ ತೆಗೆದೆ. ಒಂದೇ ಕಲ್ಲು, ಒಂದೇ ಎತ್ತರ, ಒಂದೇ ದಿಕ್ಕು.

ಅಜ್ಜ ಈಗ ಮಂದೆಯ ಹಿಂದೆ ಹೋಗುವುದಿಲ್ಲ, ಮೊಮ್ಮಗ ಹೋಗುತ್ತಾನೆ. ಪ್ರತಿ ಚಿತ್ರದ ಒಂದು ಪ್ರತಿ ಹಟ್ಟಿಗೆ ಕೊಡುತ್ತೇನೆ. ಅಜ್ಜ ಜಗುಲಿಯಲ್ಲಿ ಕೂತು ಅದನ್ನು ಬೆಳಕಿಗೆ ಹಿಡಿದು ಮೊದಲು ಹಳ್ಳ ಹುಡುಕುತ್ತಾರೆ, ಆಮೇಲೆ ಹುಲ್ಲು, ಕೊನೆಗೆ ದನ ಎಣಿಸುತ್ತಾರೆ.