ಚೌಕಾಸಿಗೆ ಬಗ್ಗದ ಪಿನ್‌ಕೋಡ್

ದೆಹಲಿಯ ನಮ್ಮ ಸರೋಜಿನಿ ನಗರದ ಪಿನ್‌ಕೋಡ್ 110023. ಅಂಚೆಯವರಿಗೆ ಅದು ವಿಳಾಸದ ಕೊನೆಯ ಸಾಲು. ನನಗೆ ಅಪ್ಪಟ ಅವಿಭಾಜ್ಯ ಸಂಖ್ಯೆ. ಒಂದನ್ನೂ ತನ್ನನ್ನೂ ಬಿಟ್ಟು ಬೇರೆ ಯಾವುದರಿಂದಲೂ ಭಾಗ ಹೋಗದು. ಬಟ್ಟೆ ರಾಶಿಯ ಮುಂದೆ ನಿಂತು ಐನೂರನ್ನು ನೂರೈವತ್ತಕ್ಕೆ ಇಳಿಸುವ ಮಾರ್ಕೆಟ್ಟಿನಲ್ಲಿ ಚೌಕಾಸಿಗೆ ಬಗ್ಗದ್ದು ಇದೊಂದೇ ಇರಬೇಕು.

ಇಂಥವನ್ನು ಕೈಲೆಕ್ಕದಲ್ಲೇ ಒಡೆದು ನೋಡುವ ಹುಚ್ಚು ನನಗೆ. ಕರೆಂಟ್ ಬಿಲ್ಲಿನ ಬೆನ್ನು, ಮೋಟು ಪೆನ್ಸಿಲ್ಲು ಇದ್ದರಾಯಿತು. 110023ರ ವರ್ಗಮೂಲ 331ಕ್ಕಿಂತ ಚೂರು ಹೆಚ್ಚು. ಹಾಗಾಗಿ ಅಲ್ಲಿಯವರೆಗಿನ 67 ಅವಿಭಾಜ್ಯಗಳಿಂದ ಭಾಗಿಸಿದರೆ ತೀರ್ಪು ಸಿಕ್ಕಂತೆ. 7ರಿಂದ ಭಾಗಿಸಿದರೆ ಶೇಷ 4, 13ಕ್ಕೂ 4, 31ಕ್ಕೂ 4! ಏಕೆಂದರೆ 110019 ಈ ಮೂರರಿಂದಲೂ ಭಾಗ ಹೋಗುತ್ತದೆ. ಮುಂದೆ 269ರ ಹತ್ತಿರ ಶೇಷ ಬರೀ 2. ಕೂದಲೆಳೆಯಲ್ಲಿ ಬಚಾವ್.

ಆ ಎರಡು ಕಳೆದರೆ 110021, ಚಾಣಕ್ಯಪುರಿ. ಕೌಟಿಲ್ಯ ಮಾರ್ಗದ ಕರ್ನಾಟಕ ಭವನದ ಪಿನ್. ನೋಡಲು ಥೇಟ್ ಅವಿಭಾಜ್ಯ. ಆಗಿದ್ದರೆ ಎರಡರ ಅಂತರದಲ್ಲಿ ನಮ್ಮದಕ್ಕೆ ಅವಳಿಯಾಗುತ್ತಿತ್ತು. ಇದನ್ನು ಒಡೆಯಲು ನಾರಾಯಣ ಪಂಡಿತ 1356ರ ‘ಗಣಿತ ಕೌಮುದಿ’ಯಲ್ಲಿ ಕೊಟ್ಟ ಉಪಾಯವೇ ಚೆಂದ. ಸುಮಾರು ಮೂರು ಶತಮಾನದ ನಂತರದ ಫ್ರಾನ್ಸಿನ ಗಣಿತಜ್ಞ ಫರ್ಮಾನ ಹೆಸರಿಗೆ ಅದು ಜಮೆಯಾಯಿತು, ಇರಲಿ. ಸಂಖ್ಯೆಗಿಂತ ದೊಡ್ಡ ವರ್ಗವೊಂದನ್ನು ಹಿಡಿದು ಅದರಿಂದ ಸಂಖ್ಯೆಯನ್ನು ಕಳೆಯಬೇಕು; ಉಳಿದದ್ದೂ ವರ್ಗವಾದರೆ ಗೆದ್ದಂತೆ. 332ರ ವರ್ಗದಿಂದ ಕಳೆದರೆ 203, ಅಲ್ಲ. 333ಕ್ಕೆ 868, ಅಲ್ಲ. ಹೀಗೇ ಏರುತ್ತ 338ಕ್ಕೆ ಬಂದರೆ 4223; ಛೇ, 65ರ ವರ್ಗಕ್ಕೆ ಎರಡೇ ಕಡಿಮೆ! 339ಕ್ಕೆ 4900, ಎಪ್ಪತ್ತರ ವರ್ಗ. 339ರಿಂದ 70 ಕಳೆದರೆ 269, ಕೂಡಿದರೆ 409. ಇವೆರಡರ ಗುಣಲಬ್ಧವೇ ಚಾಣಕ್ಯಪುರಿ.

ದೆಹಲಿ ಕರ್ನಾಟಕ ಸಂಘವಿರುವ ಆರ್.ಕೆ. ಪುರಂನದು 110022, ಸಮಸಂಖ್ಯೆ, ಮಜಾ ಇಲ್ಲ. ಮಾಳವೀಯ ನಗರದ 110017 ಅವಿಭಾಜ್ಯವಾದರೂ 324 ಮತ್ತು 71ರ ವರ್ಗಗಳ ಮೊತ್ತವಾಗಿ ಬಿಚ್ಚಿಕೊಳ್ಳುತ್ತದೆ. ನಮ್ಮದು ಅದಕ್ಕೂ ಒಪ್ಪದು. ಯಾವ ವರ್ಗವನ್ನೇ ನಾಲ್ಕರಿಂದ ಭಾಗಿಸಿ, ಉಳಿಯುವುದು ಸೊನ್ನೆ ಇಲ್ಲವೇ ಒಂದು. ಎರಡು ವರ್ಗ ಕೂಡಿದರೆ ಮೂರು ಉಳಿಯುವುದು ಸಾಧ್ಯವೇ ಇಲ್ಲ. 110023ಕ್ಕೆ ಉಳಿಯುವುದು ಮೂರು.

2024ರಲ್ಲಿ ದಾಖಲೆ ಮುರಿದ ಅವಿಭಾಜ್ಯಕ್ಕೆ 4,10,24,320 ಅಂಕಿಗಳು. ಅದು ಯಂತ್ರಗಳ ಪಾಲಿನದು. ಕಾನ್ಪುರ ಐಐಟಿಯ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ 2002ರಲ್ಲಿ ಕೊಟ್ಟ ಪರೀಕ್ಷೆ ಅಪವರ್ತನ ಹುಡುಕದೆಯೇ ತೀರ್ಪು ಹೇಳುತ್ತದೆ. ಜಗತ್ತೇ ಮೆಚ್ಚಿದ ಕೆಲಸ, ನಿಜ. ಆದರೆ ನನ್ನ ಸುಖವೆಲ್ಲ ದಾರಿಯಲ್ಲಿ ಸಿಗುವ ಶೇಷಗಳಲ್ಲೇ ಇದೆ.

ಬೆಂಗಳೂರಿನವರೇ, 560001ರ ತಂಟೆಗೆ ಹೋಗಬೇಡಿ, ಮೂರಕ್ಕೇ ಬಿದ್ದುಬಿಡುತ್ತದೆ. ಮಲ್ಲೇಶ್ವರದ 560003 ಹಿಡಿದು ಕೂರಿ, 748 ದಾಟಬೇಕಾಗಿಲ್ಲ.